ತೋರ್ಕಿಲ್‌ನ ಚಿಪ್ಸು, ಹತ್ತೂವರೆಯ ಹಡಗು

ತೋರ್ಕಿಲ್‌ನ ಚಿಪ್ಸ್ ಪೊಟ್ಟಣದ ಮೇಲೆ ತೋರ್ಕಿಲ್‌ನದೇ ಮುಖ. ತಲೆಗೊಂದು ಹುಲ್ಲಿನ ಟೋಪಿ, ಕೈಯಲ್ಲಿ ಮಣ್ಣು ಮೆತ್ತಿದ ಆಲೂಗಡ್ಡೆ. ನಾವಿಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಈ ಮಹಾಶಯ ಒಂದೇ ಒಂದು ಗಡ್ಡೆ ಅಗೆದದ್ದನ್ನು ನಾನು ಕಂಡಿಲ್ಲ. ಕೆಳಗೆ 'ನಮ್ಮ ದ್ವೀಪದ ಹೊಲದಿಂದ' ಎಂದು ಮುದ್ದಾಗಿ ಬರೆಸಿದ್ದಾನೆ. ಆ ಹೊಲ ವಾರಕ್ಕೆರಡು ಸಲ ಲಾರಿಯಲ್ಲಿ ಕೂತು, ನನ್ನ ಕಣ್ಣೆದುರೇ ಆಚೆಯ ಮುಖ್ಯಭೂಮಿ ಯೂಲೆಂಡಿನ ದಡದಿಂದ ಹಡಗು ಹತ್ತಿ ಬರುತ್ತದೆ. ನಾನು ಬೋದಿಲ್, ಆ ಹಡಗಿನ ಕ್ಯಾಂಟೀನಿನವಳು. ಇಪ್ಪತ್ತೆರಡು ವರ್ಷದಿಂದ ಕಾಫಿ, ಬನ್ನು ಮಾರುತ್ತಿದ್ದೇನೆ. ಹಣೆಬರಹ, ಅವನ ಚಿಪ್ಸನ್ನೂ ಮಾರುತ್ತಿದ್ದೇನೆ.

ನಮ್ಮ ಡೆನ್ಮಾರ್ಕಿನಲ್ಲಿ ಆಹಾರ ತಪಾಸಣೆಯವರು ಹೇಳಿ ಕೇಳಿ ಬರುವುದಿಲ್ಲ. ಬಂದು ನೋಡಿ, ಬಾಗಿಲಿಗೆ ಅಂಟಿಸಲು ಒಂದು ಚೀಟಿ ಕೊಟ್ಟು ಹೋಗುತ್ತಾರೆ. ಎಲ್ಲ ಸರಿಯಿದ್ದರೆ ಅದರಲ್ಲಿ ನಗುಮುಖ, ಇಲ್ಲದಿದ್ದರೆ ಜೋಲುಮುಖ. ತೋರ್ಕಿಲ್‌ನ ಬಾಗಿಲಲ್ಲಿ ಸಾಲಾಗಿ ನಾಲ್ಕು ನಗುಮುಖ. ಪ್ರವಾಸಿಗರು ಅದರ ಮುಂದೆ ನಿಂತು ಫೋಟೋ ಬೇರೆ ತೆಗೆಸಿಕೊಳ್ಳುತ್ತಾರೆ. ಥೂ! ಆ ನಗು ಕೊಟ್ಟವಳು ನಾನು. ದ್ವೀಪಕ್ಕೆ ಇರುವುದು ಇದೊಂದೇ ಹಡಗು, ದಾಟಲು ಒಂದು ಗಂಟೆ ಹತ್ತು ನಿಮಿಷ. ತಪಾಸಣೆಯ ವಿಬೆಕೆ ನೀಲಿ ಚೀಲ ಹಿಡಿದು ಹತ್ತಿದ ಕೂಡಲೇ ನಾನು ಕಾಫಿ ಯಂತ್ರದ ಹಿಂದೆ ಹೋಗಿ ಫೋನು ಮಾಡುತ್ತೇನೆ. ಬೇಕರಿಯವಳಿಗೂ ಮಾಡುತ್ತೇನೆ, ಮೀನು ಹೊಗೆಯಾಡಿಸುವ ಮುದುಕನಿಗೂ ಮಾಡುತ್ತೇನೆ. ನಮ್ಮಲ್ಲಿ ಇದು ನೆರೆಹೊರೆಯ ಧರ್ಮ. ಅವರು ನೆಲ ಗುಡಿಸಿ, ಕೈ ತೊಳೆದು, ಏಪ್ರನ್ ಬದಲಾಯಿಸಿಕೊಳ್ಳುತ್ತಾರೆ. ತೋರ್ಕಿಲ್ ಮಾತ್ರ ಅರ್ಧ ಕಾರ್ಖಾನೆಯನ್ನೇ ಎತ್ತಿ ಹಳೇ ಕೊಟ್ಟಿಗೆಗೆ ಸಾಗಿಸುತ್ತಾನೆ.

ಹಾಗಿದ್ದರೆ ಆ ನಾಚಿಕೆಗೆಟ್ಟವನಿಗೆ ಯಾಕಮ್ಮ ಫೋನು ಮಾಡುತ್ತೀ ಎಂದರೆ, ನನ್ನ ತಂಗಿ ಲಿಸ್ಬೆತ್‌ಗಾಗಿ. ಅವಳು ಅಲ್ಲಿ ಹನ್ನೊಂದು ವರ್ಷದಿಂದ ಕರಿದ ಚಿಪ್ಸ್ ಆರಿಸುತ್ತಾಳೆ. ಎಣ್ಣೆ ಎಷ್ಟು ಕಾದಿತ್ತು, ಚಿಪ್ಸ್ ಕಂದಿತೇ, ಪೊಟ್ಟಣದ ಮೇಲೆ ಬರೆದದ್ದು ಸರಿಯಿದೆಯೇ ಎಂದು ದಿನಾ ಹಾಳೆ ತುಂಬಿ ಸಹಿ ಹಾಕುವವಳೂ ಅವಳೇ. ನೋಡದೇ ಹಾಕಿದ ಸಹಿ ಎಷ್ಟೋ. ಸಿಕ್ಕಿಬಿದ್ದರೆ ಹೆಸರು ಕೆಡುವುದು ಅವಳದು, ಆಮೇಲೆ ದ್ವೀಪದಲ್ಲಿ ಅವಳಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ?

ಆ ಮಂಗಳವಾರ ಹತ್ತೂವರೆಯ ಹಡಗಿಗೆ ವಿಬೆಕೆ ಹತ್ತಿದಳು. ಕಾಫಿಯ ಜೊತೆ ತೋರ್ಕಿಲ್‌ನ ಹೊಸ ಮಾಲು, 'ಅಜ್ಜಿಯ ಉಪ್ಪಿನಕಾಯಿ ರುಚಿ', ಒಂದು ಪೊಟ್ಟಣ ತಗೊಂಡಳು. ಬಾಯಿಗೆ ಹಾಕಿ ಅಗಿದಳು, ಕನ್ನಡಕ ಏರಿಸಿ ಹಿಂಬದಿ ಓದಿದಳು, ಮತ್ತೆ ಅಗಿದಳು.

"ಇದ್ರಲ್ಲಿ ಸಾಸಿವೆ ಇದೆಯಲ್ಲ?" ಎಂದಳು.

"ಯಾರಿಗ್ಗೊತ್ತು. ನಾನು ಮಾರೋಳು ಅಷ್ಟೆ."

ನನಗೆ ಗೊತ್ತಿತ್ತು. ಭಾನುವಾರ ಊಟಕ್ಕೆ ಬಂದಾಗ ಲಿಸ್ಬೆತ್ ಹೇಳಿದ್ದಳು. ಸಾಸಿವೆಪುಡಿ ಹಾಕಿದ್ದಾರೆ, ಆದರೆ ಸಾಸಿವೆಯ ಹೆಸರಿಲ್ಲದ ಪೊಟ್ಟಣ ಮೊದಲೇ ಅಚ್ಚಾಗಿ ರಾಶಿ ಬಿದ್ದಿದೆ ಎಂದು ತೋರ್ಕಿಲ್ ಅದರಲ್ಲೇ ತುಂಬಿಸುತ್ತಿದ್ದಾನೆ. ಸಾಸಿವೆ ತಿಂದರೆ ಗಂಟಲು ಊದಿಕೊಳ್ಳುವವರಿದ್ದಾರೆ. ಅದನ್ನು ದಪ್ಪಕ್ಷರದಲ್ಲಿ ಬರೆಯಲೇಬೇಕು ಎನ್ನುವುದು ಕಾಯಿದೆ. "ಸಾಸಿವೆ ತಿಂದು ಯಾರು ಸಾಯ್ತಾರೆ, ಸಹಿ ಹಾಕು" ಎಂದನಂತೆ. ಇವಳು ಹಾಕಿದ್ದಾಳೆ, ಪೆದ್ದಿ.

ಯಂತ್ರದ ಹಿಂದೆ ಹೋಗಿ ತೋರ್ಕಿಲ್‌ಗೆ ಫೋನು ಹಚ್ಚಿದೆ.

"ಬರ್ತಿದಾಳೆ. ಸಾಸಿವೆ ಹಿಡಿದುಬಿಟ್ಟಿದಾಳೆ ಕಣೋ."

"ಬರ್ಲಿ ಬಿಡು," ಎಂದ. ಏನೋ ಅಗಿಯುತ್ತಿದ್ದ. "ಮಾಲೆಲ್ಲ ಕೊಟ್ಟಿಗೆಗೆ ಹಾಕ್ತೀನಿ. ಹೆಚ್ಚುಕಮ್ಮಿ ಆದ್ರೆ ಹಾಳೆ ಇದೆಯಲ್ಲ, ಸಹಿ ಲಿಸ್ಬೆತ್‌ದು. ನಂಗೇನು ಗೊತ್ತು ಅಂತೀನಿ."

ಇದನ್ನು ನನಗೆ ಹೇಳುತ್ತಿದ್ದಾನೆ! ಅವಳ ಒಡಹುಟ್ಟಿದವಳಿಗೆ! ನಾನು ಯಾರು ಎನ್ನುವುದೂ ಅವನ ತಲೆಯಲ್ಲಿರಲಿಲ್ಲ. ನಾನು ಅವನ ಪಾಲಿಗೆ ಹಡಗು ಬಂತೆಂದು ಕೂಗುವ ಭೋಂಪು. ಮೈಯೆಲ್ಲ ಉರಿದುಹೋಯಿತು. ಫೋನು ಕುಕ್ಕಿ, ಎತ್ತಿ, ತಂಗಿಗೆ ಮಾಡಿದೆ.

"ಲಿಸ್ಬೆತ್, ಹಾಳೆಗಳನ್ನೆಲ್ಲ ತಗೊಂಡು ಈಗ್ಲೇ ದಡಕ್ಕೆ ಬಾ. ಅವನು ಬಾಯಿ ಬಿಡೋಕೆ ಮುಂಚೆ ನೀನೇ ವಿಬೆಕೆಗೆ ಹೇಳ್ಬಿಡು. ಎಲ್ಲಾ ಹೇಳು, ಒಂದೂ ಮುಚ್ಚಿಡ್ಬೇಡ."

ಆ ಕಡೆ ಹಾಳೆ ಮಗುಚುವ ಸದ್ದು. "ಎಲ್ಲಾನೂ?"

"ಎಲ್ಲಾನೂ ಕಣೇ! ಆ ಹಂದಿಗೋಸ್ಕರ ನೀನ್ಯಾಕೆ ಸಾಯ್ಬೇಕು?"

ಹಡಗು ದಡ ಮುಟ್ಟಿದಾಗ ಲಿಸ್ಬೆತ್ ಫೈಲನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳು ಹೊರಟದ್ದು ಕಂಡು ವಾಸನೆ ಹಿಡಿದನೋ ಏನೋ, ಹಿಂದೆಯೇ ತೋರ್ಕಿಲ್ ವ್ಯಾನಿನಿಂದ ಇಳಿದ. ಪೊಟ್ಟಣದ ಮೇಲಿನ ಅದೇ ನಗು, ಅದೇ ಟೋಪಿ. ಟೋಪಿ ನಿಜಕ್ಕೂ ಹಾಕಿಕೊಂಡು ತಿರುಗುತ್ತಾನೆ, ಕೋಡಂಗಿ. ನಾನು ಕ್ಯಾಂಟೀನು ಬಿಟ್ಟು, ವಿಬೆಕೆಯ ಬೆನ್ನಿಗೇ ಇಳಿದೆ. ಅವನ ಮುಖ ಕಪ್ಪಿಡುವುದನ್ನು ಕಣ್ತುಂಬ ನೋಡಬೇಕಿತ್ತು.

"ಸ್ವಾಗತ ಸ್ವಾಗತ!" ಎಂದ. "ಏನೋ ಬರಹದಲ್ಲಿ ಎಡವಟ್ಟಾಗಿದೆಯಂತೆ. ಅದೆಲ್ಲ ನಮ್ಮ ಲಿಸ್ಬೆತ್ ನೋಡ್ಕೊಳ್ಳೋದು, ಪಾಪ, ಅವಳಿಗೂ ವಯಸ್ಸಾಯ್ತು."

ಲಿಸ್ಬೆತ್ ಅವನ ಕಡೆ ತಿರುಗಲಿಲ್ಲ. ಫೈಲು ವಿಬೆಕೆಯ ಕೈಗಿಟ್ಟಳು. "ಸಹಿ ನಂದೇ. ಇವನು ಹೇಳಿದ, ನಾನು ಹಾಕ್ದೆ, ತಪ್ಪು. ಸಾಸಿವೆ ಮಾಲು ಕೊಟ್ಟಿಗೆಲಿದೆ, ಕೆಂಪು ಬಾಗಿಲು. ಕಂದಿದ ಚಿಪ್ಸೂ ಅಲ್ಲೇ ಇದೆ."

ತೋರ್ಕಿಲ್‌ನ ನಗು ಇಳಿಯಿತು. ನನಗೆ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ. ಭಲೇ ಹುಡುಗಿ ಎಂದುಕೊಂಡೆ.

"ನೀನಾಗೇ ಬಂದು ಹೇಳ್ದೆ ಅಂತಾನೂ ಬರ್ಕೋತೀನಿ," ಎಂದಳು ವಿಬೆಕೆ. "ಆದ್ರೆ ನಾಲ್ಕು ಸಲ ಬಂದಾಗ್ಲೂ ಎಲ್ಲಾ ಸರಿಯಾಗಿತ್ತಲ್ಲ, ಅದ್ಹೇಗೆ?"

"ಹಡಗಿಂದ ಫೋನು ಬರುತ್ತೆ," ಎಂದಳು ಲಿಸ್ಬೆತ್. "ಇವಳು ಮಾಡ್ತಾಳೆ. ನನ್ನ ಅಕ್ಕ."

ನಾನು ಅವಳ ತೋಳು ಹಿಡಿದೆ. "ಲಿಸ್ಬೆತ್! ನಿನಗೋಸ್ಕರ ಅಲ್ವೇನೇ ನಾನು..."

"ಗೊತ್ತು. ಒಂದು ಸಲ ಫೋನು ಮಾಡ್ದೇ ಇದ್ದಿದ್ರೆ, ಮೊದಲ್ನೇ ವರ್ಷವೇ ಸಿಕ್ಬೀಳ್ತಿದ್ದ. ನಾನು ಇಷ್ಟೊಂದು ಸುಳ್ಳು ಸಹಿ ಹಾಕೋದು ತಪ್ತಿತ್ತು." ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಎಲ್ಲಾನೂ ಹೇಳು ಅಂದ್ಯಲ್ಲ, ಬೋದಿಲ್."

ವಿಬೆಕೆ ಪೆನ್ನು ತೆಗೆದು ನನ್ನ ಪೂರ್ತಿ ಹೆಸರು ಕೇಳಿದಳು. ಹೇಳಿದೆ. ತೋರ್ಕಿಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ನನ್ನ ಪಕ್ಕಕ್ಕೆ ಬಂದು ನಿಂತ, ತನ್ನ ಕಡೆಯವಳ ಪಕ್ಕದಲ್ಲಿ ನಿಲ್ಲುವ ಹಾಗೆ. ಅತ್ತ ಸರಿಯಲು ನನಗೆ ಜಾಗವಿರಲಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಲಿಸ್ಬೆತ್, ಅವಳು ನನ್ನ ಮುಖ ನೋಡುತ್ತಿರಲಿಲ್ಲ.