ಸುಲ್ತಾನ್ ಬೀ ಮೇಡಂನ ಕೊನೆಯ ಬಟ್ಟೆ

ಕಿರುಗಾವಲಿನಲ್ಲಿ ಬಸ್ಸು ಸರಿಯಾಗಿ ನಿಲ್ಲುವ ಮೊದಲೇ ಇಂದ್ರಮ್ಮ ಇಳಿದುಬಿಟ್ಟಳು. ಕಂಕುಳಲ್ಲಿ ಕವರು, ಕವರಿನಲ್ಲಿ ಬಿಳಿಯ ನಿಲುವಂಗಿ. ಹೊಲಿಗೆ ಕಲಿಸಿದ ಸುಲ್ತಾನ್ ಬೀ ಮೇಡಂ ತೀರಿಕೊಂಡರೆಂದು ಬೆಳಿಗ್ಗೆ ಸುದ್ದಿ ಬಂದದ್ದೇ ತಡ, ಮೆಷಿನ್ನಿಗೆ ಕೂತು ಹೊಲಿದದ್ದು. ಮಣ್ಣು ಮಾಡುವಾಗ ಇದು ಅವರ ಮೈಮೇಲಿರಬೇಕು. ಇಂದ್ರಮ್ಮ ಮಾತು ಕೊಟ್ಟಿದ್ದಳು.

ಒಳಗೆ ನಿಶಾತ್ ಖಾಲಾ ಚಾಪೆಯ ಮೇಲೆ ಬಿಳಿ ಬಟ್ಟೆ ಹಾಸಿ ಅಳತೆ ಹಾಕುತ್ತಿದ್ದಳು. ಆ ಬೀದಿಯಲ್ಲಿ ಸತ್ತ ಹೆಂಗಸರಿಗೆ ಸ್ನಾನ ಮಾಡಿಸಿ ಬಟ್ಟೆ ಸುತ್ತುವ ಮುದುಕಿ ಅವಳು. ಮೇಡಂ ಮಗಳು ಬುಷ್ರಾ ಗೋಡೆಗೊರಗಿ ಕೂತಿದ್ದಳು.

"ಇದ್ನ ಮೇಡಂಗೆ ತೊಡ್ಸಿ" ಎಂದು ಇಂದ್ರಮ್ಮ ಕವರು ಚಾಚಿದಳು.

ಮುದುಕಿ ಬಿಡಿಸಿ ನೋಡಿ ಹಾಗೇ ಮಡಚಿದಳು. "ವೊಲ್ದಿದ್ದು ಆಗಾಕಿಲ್ಲ ಕಣಮ್ಮ. ನಮ್ಮಲ್ಲಿ ಓಗೋರ್ಗೆ ಬಟ್ಟೆ ಅಳೆಯೋದು, ಸೀಳೋದು, ಸುತ್ತೋದು. ವೊಲಿಗೆ ಇಲ್ಲ."

"ಅದೆಂಗೆ? ಜೀವಮಾನೆಲ್ಲ ವೊಲ್ದವ್ರಿಗೆ ಒಂದು ವೊಲಿಗೆ ಬ್ಯಾಡ್ವಾ? ಮೇಡಂ ಅವ್ರೇ ಕೇಳವ್ರೆ ಕಣಮ್ಮ!"

ಬುಷ್ರಾ ತಲೆಯೆತ್ತಿದಳು. "ಅಮ್ಮಿ ಕೇಳಿದ್ರಾ? ಯಾವಾಗಕ್ಕ?"

* * *

ಮಳವಳ್ಳಿಯ ಹೊಲಿಗೆ ತರಬೇತಿಯಲ್ಲಿ ಮೇಡಂ ಕತ್ತರಿ ಹಿಡಿಯುವುದನ್ನಷ್ಟೇ ಕಲಿಸಲಿಲ್ಲ. "ನೆಂಟ್ರಿಗೆಲ್ಲ ಬಿಟ್ಟಿ ವೊಲ್ಕೊಟ್ರೆ ಅದು ಅಂಗ್ಡಿ ಅಲ್ಲ ಕಣಮ್ಮ, ಧರ್ಮಛತ್ರ" ಎಂದು ಬೈದು ಬೈದು ಹೇಳಿದರು. ಗಂಡ ಬೋರಯ್ಯನ ಬೆನ್ನ ಹಿಂದೆ ನಿಂತೇ ಮಾತಾಡುತ್ತಿದ್ದ ಇಂದ್ರಮ್ಮ ಊರಿಗೆ ಹೋಗಿ ತನ್ನ ಹೆಸರಿನದೇ ಬೋರ್ಡು ಹಾಕಿದಳು.

ಅಂಗಡಿ ಕುದುರಿದ ಮೇಲೆ ಒಂದು ದಿನ ಟೇಪು ಹಿಡಿದು ಮೇಡಂ ಮನೆಗೆ ಬಂದಳು. "ಅಳತೆ ಕೊಡಿ ಮೇಡಂ, ನಿಮ್ಗೊಂದು ವೊಲ್ಕೊಡ್ತೀನಿ."

"ನಂದು ನಾನೇ ವೊಲ್ಕೋತೀನಿ. ಬಿಟ್ಟಿ ಕೆಲ್ಸ ಮಾಡೋ ಚಟ ಬುಡು ಅಂದಿಲ್ವಾ?" ಮೇಡಂ ನಕ್ಕರು. "ಅಷ್ಟು ಆಸೆ ಇದ್ರೆ ನನ್ ಕೊನೆ ಬಟ್ಟೆ ನೀನೇ ಕೊಡು. ಅದ್ನ ನಾನು ವೊಲ್ಕೊಳಾಕಾಗಲ್ಲ."

"ಕೊಡ್ತೀನಿ ಮೇಡಂ" ಎಂದುಬಿಟ್ಟಿದ್ದಳು ಇಂದ್ರಮ್ಮ.

* * *

ಈಗ ತಲೆ ಚಿಟ್ಟು ಹಿಡಿಯಿತು. ಸತ್ತ ಮೇಲೆ ಹೊಲಿದುಕೊಳ್ಳಲಾಗದೆಂದು ಮೇಡಂ ಹೇಳಿದ್ದರೋ, ಆ ಬಟ್ಟೆಗೆ ಹೊಲಿಗೆಯೇ ಇಲ್ಲವೆಂದೋ? ತಮಾಷೆಯೋ, ನಿಜವೋ? ಕೇಳೋಣವೆಂದರೆ ಹೇಳುವವರೇ ಮಲಗಿಬಿಟ್ಟಿದ್ದರು.

"ಅಮ್ಮಿ ಯಾವಾಗ ತಮಾಷೆ ಮಾಡ್ತಿದ್ರು ಅಂತ ನಂಗೇ ತಿಳೀತಿರ್ಲಿಲ್ಲ ಅಕ್ಕ" ಎಂದಳು ಬುಷ್ರಾ.

ಇಂದ್ರಮ್ಮ ಅಂಗಿಯನ್ನು ಮತ್ತೆ ಕೈಗೆತ್ತಿಕೊಂಡಳು. "ದಾರ ಬಿಚ್ಚಿದ್ರೆ? ಎಗಲಲ್ಲಿ ಮಡಚಿ ಒಂದೇ ತುಂಡಲ್ಲಿ ಕತ್ತರ್ಸಿವ್ನಿ, ಕೊರಳಿಗೆ ಮಾತ್ರ ಕೊಯ್ದಿರೋದು."

ಮುದುಕಿ ಮೇಲಿನಿಂದ ಕೆಳಗೆ ಕಣ್ಣಾಡಿಸಿದಳು. ಸತ್ತವರಿಗೆ ಮೊದಲು ತೊಡಿಸುವ ತುಂಡೂ ಹಾಗೆಯೇ ಇರುತ್ತದೆ. "ತೋಳು ಬ್ಯಾಡ. ದಾರ ಒಂದೆಳೆನೂ ಇರಬಾರ್ದು. ಬಿರ್ರನೆ ಬಿಚ್ಚು."

ಮೇಡಂ ತಪ್ಪು ಹುಡುಕಬಾರದೆಂದು ಎರಡೆರಡು ಸಾಲು ಹೊಲಿದಿದ್ದಳು ಪುಣ್ಯಾತ್ಗಿತ್ತಿ. ಬ್ಲೇಡು ಹಿಡಿದು ಎಳೆ ಎಳೆಯಾಗಿ ಬಿಚ್ಚಿದಳು. ತೋಳು ಬಿತ್ತು, ಕೊರಳ ಪಟ್ಟಿ ಬಿತ್ತು. ಹೊರಗಿನಿಂದ ಮೇಡಂ ತಮ್ಮ ಬಾಬು ಜಾನ್ ಕೂಗಿದರು: "ಜಲ್ದಿ ಮಾಡ್ರಮ್ಮ, ನಮಾಜಿನ ಹೊತ್ತಾಯ್ತದೆ!"

ಮುದುಕಿ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ದಾರ ಹೋಗಿತ್ತು. ಎರಡೂ ಪಕ್ಕಕ್ಕೆ ಸೂಜಿಯ ತೂತು ಸಾಲುಗಟ್ಟಿ ಕಾಣುತ್ತಿತ್ತು.

"ಈ ತೂತಿಗೇನ್ ಮಾಡ್ತೀಯ?"

ಇಂದ್ರಮ್ಮ ತೂತಿನ ಸಾಲಿನ ಮೇಲೆ ಬೆರಳಾಡಿಸಿದಳು. ಬೇಡವೆಂದುಬಿಟ್ಟರೆ? "ಒಸಿ ನೀರು ಕೊಡಿ" ಎಂದಳು. ಬೆರಳು ಅದ್ದಿ ತೂತಿನ ಮೇಲಿಟ್ಟು ಉಗುರಿನಿಂದ ಉದ್ದಕ್ಕೆ, ಅಡ್ಡಕ್ಕೆ ಉಜ್ಜಿದಳು. ನೂಲು ಸರಿದು ತೂತು ಮುಚ್ಚಿತು. "ಎಲ್ಲಾನೂ ಇಂಗೇ ಮುಚ್ಚು" ಎಂದು ಮುದುಕಿ ಬಟ್ಟೆಯನ್ನು ಅವಳ ಮಡಿಲಿಗೆ ಬಿಟ್ಟಳು.

ಬಾಬು ಜಾನ್ ಮತ್ತೆ ಕೂಗಿದರು. ಇಂದ್ರಮ್ಮ ಇನ್ನೂ ಮೊದಲ ಪಕ್ಕದ ಕಂಕುಳ ಹತ್ತಿರವೇ ಇದ್ದಳು. ಬುಷ್ರಾ ಎದ್ದು ಬಂದು ಎದುರಿಗೆ ಕೂತಳು. ಬೆರಳು ಒದ್ದೆ ಮಾಡಿಕೊಂಡು, ಇನ್ನೊಂದು ಪಕ್ಕವನ್ನು ಪಾದದ ಕಡೆಯಿಂದ ಉಜ್ಜತೊಡಗಿದಳು.