ಗೀಟು ಬೀಳದ ಏಳು

1994ರ ಜೂನ್ 14, ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಗುನ್‌ವೋರ್ ಎಕ್‌ಮನ್ ತನ್ನ ತಂದೆಯ ಪಿಸ್ತೂಲನ್ನು ಹಾಲ್ವರ್ ಬ್ರೂಲಿನ್ ಅವರ ಅಡುಗೆಮನೆಯ ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಎರಡು ಕಾಗದ ಇಟ್ಟಳು.

ಒಂದು ಪೊಲೀಸರದು. ಆಯುಧ ಸಂಗ್ರಾಹಕರಾಗಿದ್ದ ಅವಳ ತಂದೆ ಸಿಕ್ಸ್‌ಟೆನ್ ಎಕ್‌ಮನ್ ತೀರಿಕೊಂಡಿದ್ದರಿಂದ ಅವರ ಲೈಸೆನ್ಸು ರದ್ದಾಗಿದೆ. ಜೂನ್ 30ರೊಳಗೆ ಪಿಸ್ತೂಲಿಗೆ ಬೇರೆ ದಾರಿ ಕಾಣದಿದ್ದರೆ ಅದು ಕುಲುಮೆಗೆ ಹೋಗುತ್ತದೆ. ನಳಿಗೆ ತುಕ್ಕು ತಿಂದಿದ್ದರಿಂದ ಕೊಳ್ಳುವವರು ಸಿಕ್ಕಿರಲಿಲ್ಲ. ಇನ್ನೊಂದು ಈಸ್ಟಾಡ್ ಊರಿನ ರೆಜಿಮೆಂಟ್ ಮ್ಯೂಸಿಯಮ್ಮಿನದು. ನಮ್ಮ ರೆಜಿಮೆಂಟಿನ ಆಯುಧವಾದರೆ ಮಾತ್ರ ತೆಗೆದುಕೊಳ್ಳುತ್ತೇವೆ, ಇದು ನಮ್ಮದಲ್ಲ ಎಂದು ಬರೆದಿದ್ದರು.

ಪಿಸ್ತೂಲಿನ ಬಲಮಗ್ಗುಲಲ್ಲಿ ‘ಐ 7’ ಎಂಬ ಗುರುತಿತ್ತು. ಐ ಎಂದರೆ ಕಾಲ್ದಳ, ಏಳು ಎಂಬುದು ರೆಜಿಮೆಂಟಿನ ಸಂಖ್ಯೆ. 1927ರವರೆಗೆ ಆ ಸಂಖ್ಯೆ ಕಾರ್ಲ್ಸ್‌ಕ್ರೂನಾ ಊರಿನ ಗ್ರೆನೇಡಿಯರ್ ರೆಜಿಮೆಂಟಿನದು. ಆ ರೆಜಿಮೆಂಟನ್ನು ಮುಚ್ಚಿದ ಮೇಲೆ ಅದೇ ಸಂಖ್ಯೆಯನ್ನು ಈಸ್ಟಾಡ್‌ನವರಿಗೆ ಕೊಟ್ಟರು. ಈ ಏಳು ಹಳೆಯ ಕಾಲದ ಅಚ್ಚು, ಆದ್ದರಿಂದ ಕಾರ್ಲ್ಸ್‌ಕ್ರೂನಾದ್ದೇ ಎಂಬುದು ಮ್ಯೂಸಿಯಮ್ಮಿನ ವಾದ.

ಹಾಲ್ವರ್‌ಗೆ ಎಪ್ಪತ್ತೊಂಬತ್ತು ವರ್ಷ. ಈಸ್ಟಾಡ್ ರೆಜಿಮೆಂಟಿನ ಆಯುಧ ದುರಸ್ತಿ ಮನೆಯಲ್ಲಿ ವರ್ಷಗಟ್ಟಲೆ ದುಡಿದವರು. ರಸ್ಕನ್ನು ಕಾಫಿಯಲ್ಲಿ ಅದ್ದಿ, ಅದು ಮುರಿದು ಬೀಳುವ ಮೊದಲೇ ಬಾಯಿಗಿಟ್ಟುಕೊಂಡು, ಭೂತಗನ್ನಡಿ ಹಿಡಿದರು.

"ಅವರು ಹೇಳಿದ್ದು ಸರಿ ಕಣಮ್ಮ. ಈ ಏಳು ಕಾರ್ಲ್ಸ್‌ಕ್ರೂನಾದವರು ಹೊಡೆದಿದ್ದು."

ಗುನ್‌ವೋರ್ ಪೊಲೀಸರ ಕಾಗದದ ಕಡೆ ನೋಡಿದಳು. ಇದನ್ನು ಕರಗಿಸೋಕೆ ಬಿಡಬೇಡ ಎಂದು ಅಪ್ಪ ಆಸ್ಪತ್ರೆಯ ಹಾಸಿಗೆಯಿಂದ ಎರಡು ಸಲ ಹೇಳಿದ್ದರು.

"ನೀವು ಈಸ್ಟಾಡ್‌ದು ಅಂತ ಒಂದು ಸಾಲು ಬರೆದುಕೊಟ್ರೆ ಸಾಕು, ಹಾಲ್ವರ್. ನಿಮ್ಮ ಮಾತಿಗೆ ಅವರು ಎದುರಾಡಲ್ಲ."

"ಅದಕ್ಕೇ ಬರೆಯಲ್ಲ. ಸುಳ್ಳು ಬರೆಯೋನಾಗಿದ್ರೆ ಇಷ್ಟು ಹೊತ್ತಿಗೆ ಮಂತ್ರಿಯಾಗಿರ್ತಿದ್ದೆ." ಅವರು ಭೂತಗನ್ನಡಿಯನ್ನು ಇನ್ನಷ್ಟು ಹತ್ತಿರ ತಂದರು. "ಸ್ವಲ್ಪ ಸುಮ್ನಿರು. ಈ ಗೀಟು ಯಾಕೆ ಹೊಡೆದ್ರು?"

‘ಐ 7’ರ ಕೆಳಗೆ ‘ನಂ. 118’ ಎಂದಿತ್ತು. ಅದರ ಮೇಲೊಂದು ಗೀಟು, ಪಕ್ಕದಲ್ಲಿ ‘241’. ಯಾರೋ ತಪ್ಪು ತಿದ್ದಿರಬೇಕು ಎಂದು ಮ್ಯೂಸಿಯಮ್ಮಿನವರು ಬರೆದಿದ್ದರು.

"ಅದೇ ರೆಜಿಮೆಂಟಲ್ಲಿ ಇರೋವರೆಗೂ ಆಯುಧದ ನಂಬರು ಬದಲಾಗಲ್ಲ. ಬೇರೆ ಕಡೆ ಹೋದಾಗ ಮಾತ್ರ ಹಳೇದಕ್ಕೆ ಗೀಟು, ಹೊಸದಕ್ಕೆ ಅಚ್ಚು."

"ಹಾಗಿದ್ರೆ ಏಳಕ್ಕೂ ಗೀಟು ಬೀಳಬೇಕಿತ್ತಲ್ಲ?"

ಹಾಲ್ವರ್ ಭೂತಗನ್ನಡಿ ಕೆಳಗಿಟ್ಟರು. ಮುಖದ ಮೇಲೆ ನಗು ನಿಧಾನವಾಗಿ ಹರಡಿತು.

"ಯಾಕೆ ಬೀಳ್ಬೇಕು? ಕಾರ್ಲ್ಸ್‌ಕ್ರೂನಾದಿಂದ ಹೊರಟಾಗ್ಲೂ ಏಳು, ಈಸ್ಟಾಡ್‌ಗೆ ಬಂದಾಗ್ಲೂ ಏಳು. ನಂಗೆ ಕೆಲಸ ಕಲಿಸಿದ ನ್ಯುರೇನ್ ಮೇಸ್ತ್ರಿ ಮಹಾ ಜಿಪುಣ. ಸರಿಯಾಗಿರೋದಕ್ಕೆ ಗೀಟು ಹೊಡೆದು ಮತ್ತೆ ಅದನ್ನೇ ಬರೆಯೋಕೆ ಅವರಿಗೇನು ಹುಚ್ಚೇ?"

"ಅಂದ್ರೆ ನಮ್ದು ಈಸ್ಟಾಡ್‌ದೇ!"

"ನಿಧಾನ. ಇದು ನನ್ನ ಊಹೆ. ಊಹೆಗೆ ನಾನು ಸಹಿ ಹಾಕಲ್ಲ."

ದುರಸ್ತಿ ಮನೆ ಮುಚ್ಚಿದಾಗ ಯಾರಿಗೂ ಬೇಡವಾಗಿದ್ದ ಒಂದು ಮರದ ಪೆಟ್ಟಿಗೆಯನ್ನು ಅವರು ಮನೆಗೆ ತಂದಿದ್ದರು. ಈಗ ಅದನ್ನು ಕಪಾಟಿನಿಂದ ಇಳಿಸಿದರು. ಸೊನ್ನೆಯಿಂದ ಒಂಬತ್ತರವರೆಗಿನ ಉಕ್ಕಿನ ಅಂಕಿ ಅಚ್ಚುಗಳು ಎಣ್ಣೆ ಬಟ್ಟೆಯಲ್ಲಿ ಸಾಲಾಗಿ ಮಲಗಿದ್ದವು. ಒಂದಕ್ಕೂ ತುಕ್ಕಿನ ಚುಕ್ಕೆ ಹತ್ತಿರಲಿಲ್ಲ.

"ಈ ನಾಲ್ಕನ್ನ ನೋಡು. ಬುಡದಲ್ಲಿ ಮುಕ್ಕಾಗಿದೆ. ನಾನು ಕೆಲಸಕ್ಕೆ ಸೇರೋ ಮೊದಲೇ ಆಗಿತ್ತು. ಹೊಸದು ತರಿಸೋಣ ಅಂದ್ರೆ ಮೇಸ್ತ್ರಿ, ‘ಮೂರು ಅಂತ ಯಾರಾದ್ರೂ ಓದ್ತಾರಾ?’ ಅಂತಿದ್ರು. ಕೊನೇವರೆಗೂ ಇದರಲ್ಲೇ ಹೊಡೆದ್ವಿ. 241ನ್ನ ಈಸ್ಟಾಡ್‌ನಲ್ಲಿ ಹೊಡೆದಿದ್ರೆ ಅದರ ನಾಲ್ಕಲ್ಲೂ ಈ ಮುಕ್ಕು ಇರ್ಬೇಕು."

ಅವರು ಮೇಜಿನ ಮೇಲೆ ಒಂದು ಸೀಸದ ತುಂಡಿಟ್ಟು, ಅಚ್ಚನ್ನು ನೆಟ್ಟಗೆ ನಿಲ್ಲಿಸಿ, ಸುತ್ತಿಗೆ ಎತ್ತಿದರು.

"ಹೊಂದದಿದ್ರೆ ಹೊಂದಲ್ಲ ಅಂತಲೇ ಬರೀತೀನಿ. ಆಮೇಲೆ ಅಳ್ಬಾರದು."

"ಹೊಡೀರಿ," ಎಂದಳು ಅವಳು.

ಒಂದೇ ಏಟು. ಸೀಸದ ತುಂಡನ್ನು ಪಿಸ್ತೂಲಿನ ಪಕ್ಕಕ್ಕೆ ಸರಿಸಿ, ಅವರು ಭೂತಗನ್ನಡಿಯನ್ನು ಅವಳ ಕೈಗೇ ಕೊಟ್ಟರು. 241ರ ನಾಲ್ಕರ ಬುಡದಲ್ಲಿ ಎಡಗಡೆಗೆ ಒಂದು ಸಣ್ಣ ಮುಕ್ಕು. ಸೀಸದಲ್ಲೂ ಅದೇ ಜಾಗದಲ್ಲಿ, ಅದೇ ಆಕಾರದ ಮುಕ್ಕು.

"ಕಂಡಿತಾ?"

"ಕಂಡಿತು." ಅವಳು ಭೂತಗನ್ನಡಿ ಕೆಳಗಿಟ್ಟಳು. "ನಿಮ್ಮಂಥೋರು ಇನ್ನೊಬ್ಬರು ಇದ್ದಾರಾ ಈ ದೇಶದಲ್ಲಿ?"

"ಇದ್ರು. ನ್ಯುರೇನ್ ಮೇಸ್ತ್ರಿ. ಕಾಫಿ ಆರೋಯ್ತು, ಕುಡಿ."

ಅವರು ಬರೆದದ್ದು ಹನ್ನೊಂದು ಸಾಲು. ಕಾರ್ಲ್ಸ್‌ಕ್ರೂನಾದ ಹೆಸರನ್ನು ಎಲ್ಲೂ ಬಿಟ್ಟಿರಲಿಲ್ಲ. ಪತ್ರದ ಜೊತೆ ಸೀಸದ ತುಂಡನ್ನೂ ಕಳಿಸಿದರು.

ಮ್ಯೂಸಿಯಮ್ಮಿನ ಒಪ್ಪಿಗೆ ಪತ್ರ ಜೂನ್ 23ರಂದು ಬಂತು. ಆಗಸ್ಟ್ 9ರಂದು ಪಿಸ್ತೂಲನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಕೆಳಗಿನ ಚೀಟಿಯಲ್ಲಿ ಎರಡು ರೆಜಿಮೆಂಟುಗಳ ಹೆಸರುಗಳಿವೆ, ಕಾರ್ಲ್ಸ್‌ಕ್ರೂನಾದ್ದು ಮೊದಲು.