ಪಾಲಾದ ಹಾಳುಮಣ್ಣು

ನಾನು ಹಾಳುಮಣ್ಣು. ಹೆಸರು ಕೇಳಿ ಮೂಗು ಮುರಿಯಬೇಡಿ. ಹಾಳುಬಿದ್ದ ಊರಿನ ಮಣ್ಣನ್ನು ನಮ್ಮ ಕಡೆ ಹಾಗೇ ಕರೆಯುತ್ತಾರೆ. ಬೇರೆ ಮಣ್ಣನ್ನು ಮಳೆ ಗಾಳಿ ಮಾಡಿದರೆ ನನ್ನನ್ನು ಮಾಡಿದವರು ಮನುಷ್ಯರು. ಕೊಪ್ಪಳದ ಕಡೆಯ ಒಂದು ಹರಳುಗಲ್ಲಿನ ಕೆಂಪು ಗರಸು ನೆಲದ ಮೇಲೆ ಯಾವುದೋ ಕಾಲದಲ್ಲಿ ದನಗಾಹಿಗಳು ಗುಡಿಸಲು ಹಾಕಿದರು. ಒಲೆಯ ಬೂದಿ, ಸಗಣಿ, ಒಡೆದ ಗಡಿಗೆ, ತಿಂದು ಬಿಟ್ಟ ಎಲುಬು, ಎಲ್ಲವನ್ನೂ ಅಲ್ಲೇ ಚೆಲ್ಲಿದರು. ಅವರ ಮೊಮ್ಮಕ್ಕಳೂ ಚೆಲ್ಲಿದರು. ಹಾಗೆ ನಾನು ಕಪ್ಪಾದೆ, ಮೆತ್ತಗಾದೆ. ಒಂದು ದಿನ ಊರಿಗೆ ಊರೇ ಎದ್ದು ಹೋಯಿತು. ಏಕೆಂದು ನನಗೆ ಯಾರೂ ಹೇಳಲಿಲ್ಲ.

ಆಮೇಲೆ ಜಾಲಿ ಬೆಳೆಯಿತು, ಕುರಿ ಮೇಯ್ದವು. ತುಂಗಭದ್ರೆಯ ಕಾಲುವೆ ಬಂದ ಮೇಲೆ ಯಂಕೋಬನೆಂಬ ರೈತನ ಅಪ್ಪ ಈ ಹೊಲ ಕೊಂಡ. ಅವನು ತೀರಿದ ಮೇಲೆ ಯಂಕೋಬನ ಹೆಂಡತಿ ಅಂಬವ್ವ ಬಾಳೆ ಹಚ್ಚಿದಳು. ನನ್ನ ಮೇಲೆ ಬಿಟ್ಟ ಗೊನೆ ನೋಡಿ ಊರೇ ಮೂಗಿನ ಮೇಲೆ ಬೆರಳಿಟ್ಟಿತು. ಆದರೆ ನಾನು ಎಲ್ಲೆಡೆ ಒಂದೇ ಸಮ ಇರಲಿಲ್ಲ. ನಡುವೆ ಎದೆಯುದ್ದ, ಅಂಚಿನಲ್ಲಿ ಗೇಣುದ್ದ, ಬದುವಿನ ಹತ್ತಿರ ಬರೀ ಗರಸು. ನಡುವಿನ ಬಾಳೆ ಆಳೆತ್ತರ ಬಂದಾಗ ಬದುವಿನ ಬಾಳೆ ಮೊಣಕಾಲು ಮುಟ್ಟಿರಲಿಲ್ಲ.

ಈ ಹೆಚ್ಚುಕಡಿಮೆಯೇ ನನಗೆ ಮುಳುವಾಯಿತು. ಯಂಕೋಬನೂ ಅವನ ತಮ್ಮ ದುರುಗಪ್ಪನೂ ಬೇರೆಯಾದಾಗ ಹೊಲವನ್ನು ಹಗ್ಗ ಹಿಡಿದು ಸಮನಾಗಿ ಅಳೆದರು. ನಾನು ಪೂರ್ತಿ ಅಣ್ಣನ ಕಡೆ ಬಿದ್ದೆ. ತಮ್ಮ ಒಪ್ಪಲಿಲ್ಲ. ಹಿರಿಯರು ಕೂತು, ಮಣ್ಣನ್ನೇ ಬಂಡಿ ಲೆಕ್ಕದಲ್ಲಿ ಹಂಚಿಕೊಳ್ಳಿ ಎಂದರು. ನಾನು ದಂಗಾದೆ. ಜೋಳದ ರಾಶಿಯೇ ನಾನು? ಅಂಬವ್ವ ಒಬ್ಬಳೇ ಅಡ್ಡ ನಿಂತಳು. ಬಾಳೆ ಹೋದರೆ ಮಕ್ಕಳಿಗೆ ಕೂಳಿಲ್ಲ, ಬೇಕಾದರೆ ಗೊನೆಯಲ್ಲಿ ಅರ್ಧ ಕೊಡುತ್ತೇನೆ ಎಂದು ಮೈದುನನನ್ನು ಬೇಡಿಕೊಂಡಳು. ಯಾರು ಕೇಳುತ್ತಾರೆ?

ಗೊನೆ ಬಿಟ್ಟ ಬಾಳೆಯನ್ನೇ ಕಡಿದು ಅಗೆದರು. ಎಷ್ಟೋ ತಲೆಮಾರು ಬೆಳಕು ಕಾಣದ ನನ್ನ ಒಳಮೈಗೆ ಬಿಸಿಲು ಬಡಿಯಿತು. ಒಂದು ಬಂಡಿ ಅವನಿಗೆ, ಒಂದು ಬಂಡಿ ಇವನಿಗೆ. ತಮ್ಮ ತನ್ನ ಪಾಲನ್ನು ತನ್ನ ಗರಸಿಗೆ ಹೊಯ್ದ. ಅಣ್ಣನೂ ತನ್ನ ಪಾಲನ್ನು ಇದ್ದಲ್ಲೇ ಇಡಲಿಲ್ಲ, ಕೆಂಪು ನೆಲಕ್ಕೆಲ್ಲ ಹರಡಿದ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಎರಡು ಮಳೆಗೆ ನಾನು ಎರಡೂ ಕಡೆ ಕಾಣದಾದೆ.

ಅಗೆತದ ಕೊನೆಯ ದಿನ ನಡುವಿನ ತಳದಲ್ಲಿ ಗುದ್ದಲಿ ಟಣ್ ಎಂದಿತು. ಬಾಯಿ ಮುಚ್ಚಿದ ಗಡಿಗೆ. ಒಳಗೇನಿದೆಯೆಂದು ನನಗೆ ಗೊತ್ತಿತ್ತು, ಹೇಳಲು ಬಾಯಿರಲಿಲ್ಲ. ನಿಧಿಯೆಂದು ಇಬ್ಬರ ಮುಖವೂ ಬದಲಾಯಿತು.

"ನನ್ನ ನೆಲದಾಗ ಸಿಕ್ಕೈತಿ" ಎಂದ ಯಂಕೋಬ.

"ಅಗದಾಂವ ನಾನು" ಎಂದ ದುರುಗಪ್ಪ.

ಎಳೆದಾಟದಲ್ಲಿ ಗಡಿಗೆ ಒಡೆಯಿತು. ಬೆರಳುಗಾತ್ರದ ಎಲುಬುಗಳು, ಅಂಗೈಯಲ್ಲಿ ಹಿಡಿಯುವಂಥ ಬುರುಡೆಯ ಚೂರುಗಳು ಬಿದ್ದವು. ಆ ಕಾಲದ ತಾಯಿಯೊಬ್ಬಳು ಸತ್ತ ಹಸುಗೂಸನ್ನು ದೂರ ಕಳಿಸಲಾರದೆ ತಾನು ಮಲಗುವ ಜಾಗದ ಕೆಳಗೇ ಹೂತಿದ್ದಳು. ಅಣ್ಣತಮ್ಮಂದಿರು ಹಿಂದೆ ಸರಿದರು. ಅಂಬವ್ವ ಕುಣಿಗೆ ಇಳಿದು ಎಲ್ಲವನ್ನೂ ಸೆರಗಿಗೆ ಕೂಡಿಸಿಕೊಂಡಳು.

"ಇದನ್ನ ಯಾರ ಪಾಲಿಗೆ ಹಾಕ್ತೀರಿ, ಹೇಳ್ರಿ" ಎಂದು ಕೇಳಿದಳು.

ಆಕೆ ಗರಸಿನಲ್ಲೇ ತೋಡಿ ಕೂಸನ್ನು ಇಟ್ಟಳು. ಮುಚ್ಚಲು ಮೆತ್ತನೆಯ ಮಣ್ಣು ಅಲ್ಲಿ ಉಳಿದಿರಲಿಲ್ಲ. ದುರುಗಪ್ಪ ತಾನು ತುಂಬಿಸಿದ್ದ ಕಡೆಯ ಬಂಡಿಯನ್ನು ತಿರುಗಿಸಿ ತಂದು ಸುರಿದ.

ಈಗ ನಾನು ಉಳಿದಿರುವುದು ಆ ಒಂದು ಬಂಡಿ. ಯಾರೂ ಮುಟ್ಟುವುದಿಲ್ಲ. ಅಂಬವ್ವ ಕಂಡವರ ಹೊಲಕ್ಕೆ ಕೂಲಿಗೆ ಹೋಗುವಾಗ ದಿನವೂ ನನ್ನ ಪಕ್ಕದಲ್ಲೇ ಹಾಯುತ್ತಾಳೆ. ಬದುಕಿದ ಮಕ್ಕಳ ಕೂಳಿಗಾಗಿ ತಿರುಗದ ಬಂಡಿ, ಎಂದೋ ಸತ್ತ ಕೂಸಿಗಾಗಿ ತಿರುಗಿತು. ಎಲುಬು, ಬೂದಿ, ಎಲ್ಲವನ್ನೂ ಅರಗಿಸಿಕೊಂಡ ನನಗೆ ಇದೊಂದು ಮಾತ್ರ ಇಂದಿಗೂ ಅರಗಿಲ್ಲ.